ಸಾವಿರ ಮಿಲಿಗ್ರಾಂ ಮಾತ್ರೆಯೂ ಒಂದು ಸೀಬೆಹಣ್ಣೂ

ಪ್ರಶ್ನೆ: ನನಗೆ 43 ವರ್ಷ. ಪದೇ ಪದೇ ನೆಗಡಿಯಾಗುತ್ತದೆ ಎಂದು, ನೀರಿಗೆ ಹಾಕಿದರೆ ನೊರೆಯೇಳುವ 1000 ಮಿಲಿಗ್ರಾಂನ ವಿಟಮಿನ್ ಸಿ ಮಾತ್ರೆಯನ್ನು ಎರಡು ವರ್ಷಗಳಿಂದ ದಿನವೂ ತೆಗೆದುಕೊಳ್ಳುತ್ತಿದ್ದೇನೆ. ಪತಿ ಸಿಗರೇಟು ಸೇದುತ್ತಾರೆ. ಎಂಟು ವರ್ಷದ ಮಗ ಹಣ್ಣು ಕಂಡರೆ ಮುಖ ತಿರುಗಿಸುತ್ತಾನೆ. ಅವನಿಗೂ ಇದೇ ಮಾತ್ರೆ ಕೊಡೋಣವೆಂದಿದ್ದೇನೆ. ಎಪ್ಪತ್ತು ದಾಟಿದ ಅತ್ತೆಯವರಿಗೆ ರಕ್ತಹೀನತೆ ಮತ್ತು ಮಧುಮೇಹವಿದೆ. ಕಬ್ಬಿಣದ ಮಾತ್ರೆಯ ಜೊತೆ ವಿಟಮಿನ್ ಸಿ ಇರಲೇಬೇಕು ಎಂದು ಯಾರೋ ಹೇಳಿದ್ದಾರೆ. ಬೇಯಿಸಿದರೆ ತರಕಾರಿಯಲ್ಲಿರುವ ವಿಟಮಿನ್ ಸಿ ಪೂರ್ತಿ ಹೋಗುತ್ತದಂತೆ. ನಮ್ಮ ಮನೆಯವರಿಗೆ ನಿಜಕ್ಕೂ ಎಷ್ಟು ಬೇಕು? ಅದನ್ನು ಊಟದಿಂದಲೇ ಪಡೆಯಲು ಸಾಧ್ಯವೇ?

ಉತ್ತರ: ಸಾಧ್ಯ. ನೀವು ಅಂದುಕೊಂಡಿರುವುದಕ್ಕಿಂತ ಬಹಳ ಸುಲಭವೂ ಹೌದು. ನಿಮ್ಮ ವಯಸ್ಸಿನ, ಗರ್ಭಿಣಿಯಲ್ಲದ, ಧೂಮಪಾನ ಮಾಡದ ಹೆಣ್ಣುಮಗಳಿಗೆ ಅಮೆರಿಕದ ತಜ್ಞರು 2000ನೇ ಇಸವಿಯಲ್ಲಿ ನಿಗದಿ ಮಾಡಿದ ದೈನಿಕ ಪ್ರಮಾಣ 75 ಮಿಲಿಗ್ರಾಂ. ನೀವು ಕುಡಿಯುತ್ತಿರುವುದು ಅದರ ಹದಿಮೂರು ಪಟ್ಟಿಗೂ ಹೆಚ್ಚು. ಸುಮಾರು 55 ಗ್ರಾಂ ತೂಗುವ ಒಂದು ಚಿಕ್ಕ ಸೀಬೆಹಣ್ಣಿನಲ್ಲಿ 120 ಮಿಲಿಗ್ರಾಂ ಆಸುಪಾಸು ವಿಟಮಿನ್ ಸಿ ಇರುತ್ತದೆ. ಲೆಕ್ಕ ಅಲ್ಲಿಗೇ ಮುಗಿಯಿತು. ಆದರೆ ನಿಮ್ಮ ಪ್ರಶ್ನೆಯಲ್ಲಿ ನಾಲ್ಕು ಜನರಿದ್ದಾರೆ, ನಾಲ್ವರ ಸ್ಥಿತಿಯೂ ಬೇರೆ ಬೇರೆ. ಆದ್ದರಿಂದ ಸ್ವಲ್ಪ ವಿವರವಾಗಿಯೇ ಬರೆಯುತ್ತೇನೆ.

ಮೊದಲು ಒಂದು ಗೊಂದಲ ತಿಳಿಯಾಗಲಿ. ಬೇರೆ ಬೇರೆ ಕಡೆ ಓದಿದರೆ ಬೇರೆ ಬೇರೆ ಅಂಕಿ ಸಿಗುತ್ತದೆ. ಬ್ರಿಟನ್ನಿನಲ್ಲಿ ವಯಸ್ಕರಿಗೆ 40 ಮಿಲಿಗ್ರಾಂ ಸಾಕು ಎನ್ನುತ್ತಾರೆ. ವಿಶ್ವ ಆರೋಗ್ಯ ಸಂಸ್ಥೆಯ ಅಂಕಿ 45. ಅಮೆರಿಕದಲ್ಲಿ ಹೆಂಗಸರಿಗೆ 75, ಗಂಡಸರಿಗೆ 90. ಯುರೋಪಿನ ಆಹಾರ ಸುರಕ್ಷತಾ ಸಂಸ್ಥೆ ಇನ್ನೂ ಮುಂದೆ ಹೋಗಿ 95 ಮತ್ತು 110 ಎನ್ನುತ್ತದೆ. ಮನುಷ್ಯರ ದೇಹ ದೇಶದಿಂದ ದೇಶಕ್ಕೆ ಬದಲಾಗುವುದಿಲ್ಲ. ತಜ್ಞರು ತಮಗೆ ತಾವೇ ಹಾಕಿಕೊಂಡ ಪ್ರಶ್ನೆ ಬೇರೆ, ಅಷ್ಟೇ. ವಿಟಮಿನ್ ಸಿ ಕೊರತೆಯಿಂದ ಬರುವ ಸ್ಕರ್ವಿ ಎಂಬ ಕಾಯಿಲೆ ಬಾರದಿರಲು ಎಷ್ಟು ಬೇಕು ಎಂದು ಕೇಳಿದರೆ ಉತ್ತರ ಚಿಕ್ಕದು. ರಕ್ತದ ಬಿಳಿಕಣಗಳು ವಿಟಮಿನ್ ಸಿಯಿಂದ ಹೆಚ್ಚುಕಡಿಮೆ ತುಂಬಿರಬೇಕು, ಮೂತ್ರದಲ್ಲಿ ಹೆಚ್ಚು ಪೋಲಾಗಬಾರದು ಎಂದು ಕೇಳಿದರೆ ಉತ್ತರ ದೊಡ್ಡದಾಗುತ್ತದೆ. 40ರಿಂದ 110ರವರೆಗಿನ ಈ ಅಂಕಿಗಳಲ್ಲಿ ಯಾವುದನ್ನು ಹಿಡಿದರೂ ನೀವು ತಪ್ಪುದಾರಿಯಲ್ಲಿಲ್ಲ. ಗಮನಿಸಬೇಕಾದದ್ದು ಇಷ್ಟೇ: ಇವುಗಳಲ್ಲಿ ಯಾವುದೂ 1000ದ ಹತ್ತಿರಕ್ಕೂ ಸುಳಿಯುವುದಿಲ್ಲ.

ಕಾಯಿಲೆಯನ್ನು ತಡೆಯಲು ಬೇಕಾದ ಪ್ರಮಾಣ ಎಷ್ಟು ಚಿಕ್ಕದು ಎಂಬುದು ಎರಡನೆಯ ಮಹಾಯುದ್ಧದ ಕಾಲದಲ್ಲೇ ಗೊತ್ತಾಗಿತ್ತು. ಇಂಗ್ಲೆಂಡಿನ ಶೆಫೀಲ್ಡ್ ನಗರದಲ್ಲಿ, ಯುದ್ಧಕ್ಕೆ ಹೋಗಲು ಮನಸ್ಸಾಕ್ಷಿ ಒಪ್ಪುವುದಿಲ್ಲ ಎಂದ ಇಪ್ಪತ್ತು ಮಂದಿ ಸ್ವಯಂಸೇವಕರು ವಿಟಮಿನ್ ಸಿ ಇಲ್ಲದ ಆಹಾರವನ್ನು ತಿಂಗಳುಗಟ್ಟಲೆ ತಿಂದರು. ಕೆಲವರಿಗೆ ಅದರ ಜೊತೆ ದಿನಕ್ಕೆ 70 ಮಿಲಿಗ್ರಾಂ ವಿಟಮಿನ್, ಕೆಲವರಿಗೆ 10 ಮಿಲಿಗ್ರಾಂ, ಉಳಿದ ಹತ್ತು ಮಂದಿಗೆ ಏನೂ ಇಲ್ಲ. ಏನೂ ಸಿಗದವರಲ್ಲಿ ಸುಮಾರು ನಾಲ್ಕು ತಿಂಗಳ ಹೊತ್ತಿಗೆ ಚರ್ಮದ ರೋಮಕೂಪಗಳು ಗಂಟುಗಟ್ಟತೊಡಗಿದವು. ಆಮೇಲೆ ವಸಡು ಊದಿ ರಕ್ತ ಒಸರಿತು, ಗಾಯಗಳು ಮಾಯದಾದವು. 10 ಮಿಲಿಗ್ರಾಂ ಪಡೆದವರಿಗೆ ಸ್ಕರ್ವಿ ಬರಲಿಲ್ಲ. ಬಂದವರಿಗೂ ಅಷ್ಟೇ ಪ್ರಮಾಣದಿಂದ ವಾಸಿಯಾಯಿತು. ಹತ್ತು ಮಿಲಿಗ್ರಾಂ ಎಂದರೆ ಅರ್ಧ ನಿಂಬೆಹಣ್ಣಿನ ರಸ. ಹಾಗೆಂದು ದಿನಕ್ಕೆ ಹತ್ತರಲ್ಲಿ ಸಂಸಾರ ಮಾಡಿ ಎನ್ನುತ್ತಿಲ್ಲ; ಕಾಯಿಲೆ ಇಲ್ಲದಿರುವುದಕ್ಕೂ ದೇಹದಲ್ಲಿ ಸಂಗ್ರಹ ತುಂಬಿರುವುದಕ್ಕೂ ವ್ಯತ್ಯಾಸವಿದೆ.

ಆ ಸಂಗ್ರಹ ಯಾಕೆ ಬೇಕು? ಚರ್ಮ, ವಸಡು, ರಕ್ತನಾಳ, ಮೂಳೆ, ಸ್ನಾಯುರಜ್ಜು ಎಲ್ಲವನ್ನೂ ಹಿಡಿದು ನಿಲ್ಲಿಸುವ ಕೊಲ್ಲಾಜೆನ್ ಎಂಬ ಪ್ರೋಟೀನು ಗಟ್ಟಿಯಾಗಿ ಹೆಣೆದುಕೊಳ್ಳಬೇಕಾದರೆ ವಿಟಮಿನ್ ಸಿ ಬೇಕು. ಅದಿಲ್ಲದಿದ್ದರೆ ಕೊಲ್ಲಾಜೆನ್ ತಯಾರಾಗುತ್ತದೆ, ಆದರೆ ಎಳೆಗಳು ಸಡಿಲ. ಸ್ಕರ್ವಿಯಲ್ಲಿ ವಸಡಿನಿಂದ ರಕ್ತ ಬರುವುದೂ ಹಳೆಯ ಗಾಯದ ಕಲೆ ಮತ್ತೆ ಬಾಯ್ತೆರೆಯುವುದೂ ಇದರಿಂದಲೇ. ಇದಲ್ಲದೆ ನರಗಳ ಕೆಲಸಕ್ಕೆ ಬೇಕಾದ ನಾರ್‌ಎಪಿನೆಫ್ರಿನ್, ಕೊಬ್ಬನ್ನು ಶಕ್ತಿಯಾಗಿಸಲು ಬೇಕಾದ ಕಾರ್ನಿಟಿನ್ ತಯಾರಿಕೆಯಲ್ಲೂ ಅದರ ಪಾಲಿದೆ. ವಿಟಮಿನ್ ಸಿ ಕಡಿಮೆಯಾದವರಲ್ಲಿ ಮೊದಲು ಕಾಣುವುದು ವಸಡಿನ ರಕ್ತವಲ್ಲ. ದಣಿವು, ಮಂಕು, ಮೈಕೈ ನೋವು. ಇವು ನೂರು ಕಾರಣಗಳಿಗೆ ಬರುವ ಲಕ್ಷಣಗಳಾದ್ದರಿಂದ ವೈದ್ಯರಿಗೂ ಬೇಗ ಹೊಳೆಯುವುದಿಲ್ಲ.

ಬಹುತೇಕ ಪ್ರಾಣಿಗಳಿಗೆ ಈ ತಾಪತ್ರಯವೇ ಇಲ್ಲ. ನಾಯಿ, ಬೆಕ್ಕು, ಮೇಕೆಗಳೆಲ್ಲ ತಮಗೆ ಬೇಕಾದ ವಿಟಮಿನ್ ಸಿಯನ್ನು ಸಕ್ಕರೆಯ ಅಂಶದಿಂದ ತಾವೇ ತಯಾರಿಸಿಕೊಳ್ಳುತ್ತವೆ. ಆ ಸರಣಿಯ ಕೊನೆಯ ಕಿಣ್ವವನ್ನು ತಯಾರಿಸುವ ಜೀನ್ ಮನುಷ್ಯರಲ್ಲಿ ಕೆಟ್ಟು ಕೂತಿದೆ. ವಾನರರಲ್ಲಿ, ಗಿನಿಪಿಗ್‌ಗಳಲ್ಲಿ, ಹಲವು ಬಾವಲಿಗಳಲ್ಲಿಯೂ ಹಾಗೆಯೇ. 1907ರಲ್ಲಿ ನಾರ್ವೆಯ ಆಕ್ಸೆಲ್ ಹೋಲ್ಸ್ಟ್ ಮತ್ತು ಥಿಯೋಡರ್ ಫ್ರೋಲಿಕ್ ಎಂಬ ಇಬ್ಬರು ಬರೀ ಧಾನ್ಯ ತಿನ್ನಿಸಿದ ಗಿನಿಪಿಗ್‌ಗಳಲ್ಲಿ ಸ್ಕರ್ವಿ ಕಂಡರು. ಅವರು ಇಲಿಗಳನ್ನು ಆರಿಸಿಕೊಂಡಿದ್ದರೆ ಏನೂ ಕಾಣುತ್ತಿರಲಿಲ್ಲ, ಏಕೆಂದರೆ ಇಲಿ ತನ್ನದನ್ನು ತಾನೇ ಮಾಡಿಕೊಳ್ಳುತ್ತದೆ. ವಿಜ್ಞಾನದಲ್ಲಿ ಅದೃಷ್ಟದ ಪಾಲು ಚಿಕ್ಕದಲ್ಲ.

ಈಗ ನಿಮ್ಮ ಮಾತ್ರೆಯ ವಿಚಾರ. ಹೆಚ್ಚು ತಿಂದರೆ ಹೆಚ್ಚು ಸಿಗುತ್ತದೆ ಎಂಬುದು ಸಹಜವಾದ ನಂಬಿಕೆ. ವಿಟಮಿನ್ ಸಿಯ ವಿಷಯದಲ್ಲಿ ಅದು ಸ್ವಲ್ಪ ದೂರದವರೆಗೆ ಮಾತ್ರ ನಿಜ. ಕರುಳಿನ ಗೋಡೆಯಲ್ಲಿ ಈ ವಿಟಮಿನ್ನನ್ನು ಒಳಕ್ಕೆ ಎಳೆದುಕೊಳ್ಳುವ ವಾಹಕ ಪ್ರೋಟೀನುಗಳಿವೆ. ಅವುಗಳ ಸಾಮರ್ಥ್ಯಕ್ಕೆ ಮಿತಿಯಿದೆ. ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯಲ್ಲಿ ಮಾರ್ಕ್ ಲೆವೀನ್ ಮತ್ತು ಅವರ ಸಹೋದ್ಯೋಗಿಗಳು ಏಳು ಮಂದಿ ಆರೋಗ್ಯವಂತ ಯುವಕರನ್ನು ತಿಂಗಳುಗಟ್ಟಲೆ ಆಸ್ಪತ್ರೆಯಲ್ಲೇ ಇರಿಸಿಕೊಂಡು, 30ರಿಂದ 2500 ಮಿಲಿಗ್ರಾಂವರೆಗೆ ಹಂತಹಂತವಾಗಿ ಕೊಟ್ಟು ರಕ್ತ, ಮೂತ್ರ ಎರಡನ್ನೂ ಅಳೆದರು. ಫಲಿತಾಂಶ ಪ್ರಕಟವಾದದ್ದು 1996ರಲ್ಲಿ. ದಿನಕ್ಕೆ 30ರಿಂದ 100 ಮಿಲಿಗ್ರಾಂಗೆ ಏರಿಸಿದಾಗ ರಕ್ತದ ಮಟ್ಟ ಕಡಿದಾಗಿ ಏರಿತು. 100ರ ಹೊತ್ತಿಗೆ ಬಿಳಿರಕ್ತಕಣಗಳು ತುಂಬಿಹೋಗಿದ್ದವು. 200ರ ನಂತರ ರಕ್ತದ ಮಟ್ಟ ಬಹುಮಟ್ಟಿಗೆ ಸಮತಟ್ಟಾಯಿತು. ಒಂದೇ ಸಲಕ್ಕೆ 200 ಮಿಲಿಗ್ರಾಂ ಕೊಟ್ಟಾಗ ಕರುಳು ಅಷ್ಟನ್ನೂ ಹೀರಿಕೊಂಡಿತು. 1250 ಕೊಟ್ಟಾಗ ಅರ್ಧವನ್ನೂ ಹೀರಲಿಲ್ಲ. ಹೀರಿಕೊಂಡದ್ದರಲ್ಲಿಯೂ ಹೆಚ್ಚಿನ ಪಾಲು ಮೂತ್ರದಲ್ಲಿ ಹೊರಬಿತ್ತು.

ಅಂದರೆ ನಿಮ್ಮ ಲೋಟದ 1000 ಮಿಲಿಗ್ರಾಂನಲ್ಲಿ ಒಂದು ಪಾಲು ಕರುಳಿನಲ್ಲೇ ಉಳಿಯುತ್ತದೆ, ಒಳಗೆ ಹೋದದ್ದರಲ್ಲಿ ಬಹುಪಾಲು ಮೂತ್ರಪಿಂಡದ ಮೂಲಕ ಹೊರಗೆ ಹೋಗುತ್ತದೆ. ಕರುಳಿನಲ್ಲಿ ಉಳಿದದ್ದು ನೀರನ್ನು ಸೆಳೆಯುವುದರಿಂದ ಕೆಲವರಿಗೆ ಹೊಟ್ಟೆ ನುಲಿತ, ಭೇದಿ. ವಯಸ್ಕರಿಗೆ ದಿನಕ್ಕೆ 2000 ಮಿಲಿಗ್ರಾಂ ಮೇಲ್ಮಿತಿ ಎಂದು ಗೊತ್ತುಮಾಡಿರುವುದು ಮುಖ್ಯವಾಗಿ ಈ ಭೇದಿಯನ್ನು ನೋಡಿಯೇ. ನೀವು ಆ ಮಿತಿಯೊಳಗೆ ಇದ್ದೀರಿ, ಆದ್ದರಿಂದ ಎರಡು ವರ್ಷದಿಂದ ಏನೋ ಅನಾಹುತ ಮಾಡಿಕೊಂಡೆ ಎಂದು ಗಾಬರಿಯಾಗಬೇಡಿ. ಆದರೆ ಒಂದು ಪ್ರಶ್ನೆ ಕೇಳಿಕೊಳ್ಳಿ: ನಿಮಗೆ ಅಥವಾ ನಿಮ್ಮ ರಕ್ತಸಂಬಂಧಿಗಳಿಗೆ ಮೂತ್ರಪಿಂಡದಲ್ಲಿ ಕಲ್ಲು ಆದದ್ದುಂಟೇ? ಹೆಚ್ಚುವರಿ ವಿಟಮಿನ್ ಸಿಯ ಒಂದಂಶ ದೇಹದಲ್ಲಿ ಆಕ್ಸಲೇಟ್ ಆಗಿ ಬದಲಾಗುತ್ತದೆ. ಕಲ್ಲುಗಳಲ್ಲಿ ಹೆಚ್ಚಿನವು ಕ್ಯಾಲ್ಸಿಯಂ ಆಕ್ಸಲೇಟಿನವು. ಸ್ವೀಡನ್ನಿನ ಗಂಡಸರನ್ನು ಕುರಿತು 2013ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ವಿಟಮಿನ್ ಸಿ ಮಾತ್ರೆ ತೆಗೆದುಕೊಳ್ಳುವವರಲ್ಲಿ ಕಲ್ಲಿನ ಸಾಧ್ಯತೆ ಇತರರಿಗಿಂತ ಸುಮಾರು ಎರಡು ಪಟ್ಟು ಕಂಡುಬಂದಿತ್ತು. ಹೆಂಗಸರಲ್ಲಿ ಈ ನಂಟು ಅಷ್ಟು ಸ್ಪಷ್ಟವಾಗಿ ಕಂಡಿಲ್ಲ. ಆದರೂ ಕಲ್ಲಿನ ಚರಿತ್ರೆಯಿದ್ದವರು, ಮೂತ್ರಪಿಂಡದ ಕಾಯಿಲೆಯಿದ್ದವರು, ದೇಹದಲ್ಲಿ ಕಬ್ಬಿಣ ಅತಿಯಾಗಿ ಸೇರುವ ಹೀಮೋಕ್ರೊಮಟೋಸಿಸ್ ಇರುವವರು ಇಂಥ ಮಾತ್ರೆಯಿಂದ ದೂರ ಇರುವುದೇ ಸರಿ. ನೊರೆಯೇಳುವ ಮಾತ್ರೆಗಳಲ್ಲಿ ಇನ್ನೊಂದು ಸಂಗತಿಯಿದೆ: ನೊರೆ ಬರುವುದು ಸೋಡಿಯಂ ಬೈಕಾರ್ಬನೇಟಿನಿಂದ. ರಕ್ತದೊತ್ತಡವಿರುವವರು ಲೇಬಲ್ಲಿನಲ್ಲಿ ಸೋಡಿಯಂ ಎಷ್ಟೆಂದು ನೋಡಬೇಕು. ಬಹಳ ಮಂದಿ ನೋಡುವುದಿಲ್ಲ.

ನೆಗಡಿಯ ವಿಚಾರಕ್ಕೆ ಬರುತ್ತೇನೆ. ವಿಟಮಿನ್ ಸಿಗೆ ನೆಗಡಿಯ ಔಷಧಿಯೆಂಬ ಹೆಸರು ಬರಲು ಬಹುಮಟ್ಟಿಗೆ ಕಾರಣರಾದವರು ಲೈನಸ್ ಪಾಲಿಂಗ್. 1954ರಲ್ಲಿ ರಸಾಯನಶಾಸ್ತ್ರಕ್ಕೂ 1962ರ ಶಾಂತಿಗೂ ನೊಬೆಲ್ ಪಡೆದ ಮಹಾನುಭಾವರು. 1970ರಲ್ಲಿ ಅವರು ಗ್ರಾಂಗಟ್ಟಲೆ ವಿಟಮಿನ್ ಸಿ ನುಂಗಿದರೆ ನೆಗಡಿ ದೂರವಾಗುತ್ತದೆ ಎಂದು ಪುಸ್ತಕ ಬರೆದರು. ಅಂಥ ಹೆಸರಿನವರು ಹೇಳಿದ ಮೇಲೆ ಜನ ನಂಬಿದರು. ಅಂದಿನಿಂದ ನಡೆದ ಪ್ರಯೋಗಗಳನ್ನೆಲ್ಲ ಒಟ್ಟುಗೂಡಿಸಿ ಹ್ಯಾರಿ ಹೆಮಿಲಾ ಮತ್ತು ಎಲಿಜಬೆತ್ ಚಾಕರ್ ಎಂಬ ಸಂಶೋಧಕರು 2013ರಲ್ಲಿ ಕೊಕ್ರೇನ್ ಸಂಸ್ಥೆಗಾಗಿ ಪರಿಷ್ಕರಿಸಿದ ಸಮೀಕ್ಷೆ ಹನ್ನೊಂದು ಸಾವಿರಕ್ಕೂ ಹೆಚ್ಚು ಜನರನ್ನು ಒಳಗೊಂಡಿದೆ. ದಿನವೂ ಮಾತ್ರೆ ತೆಗೆದುಕೊಳ್ಳುವ ಸಾಮಾನ್ಯ ಜನರಿಗೆ ನೆಗಡಿ ಬರುವುದು ಕಡಿಮೆಯಾಗಲಿಲ್ಲ. ಬಂದ ನೆಗಡಿಯ ಅವಧಿ ವಯಸ್ಕರಲ್ಲಿ ಶೇ 8, ಮಕ್ಕಳಲ್ಲಿ ಶೇ 14ರಷ್ಟು ಕಡಿಮೆಯಾಯಿತು. ವಾರವಿಡೀ ಕಾಡುವ ನೆಗಡಿಗೆ ಶೇ 8 ಎಂದರೆ ಅರ್ಧ ದಿನ. ಅದೂ ವರ್ಷಪೂರ್ತಿ ನುಂಗಿದವರಿಗೆ. ಮೂಗು ಸೋರಲು ಶುರುವಾದ ಮೇಲೆ ಮಾತ್ರೆ ಹಿಡಿದವರಿಗೆ ನಂಬಬಹುದಾದಂಥ ಪ್ರಯೋಜನವೇನೂ ಕಾಣಲಿಲ್ಲ.

ಒಂದು ಅಪವಾದವಿತ್ತು. ಮ್ಯಾರಥಾನ್ ಓಟಗಾರರು, ಹಿಮದಲ್ಲಿ ಜಾರುವ ಕ್ರೀಡಾಪಟುಗಳು, ಕೊರೆಯುವ ಚಳಿಯಲ್ಲಿ ಕವಾಯತು ಮಾಡುವ ಸೈನಿಕರು, ಇಂಥ ಅತಿಶ್ರಮದ ಜನರಲ್ಲಿ ನೆಗಡಿಯ ಸಾಧ್ಯತೆ ಅರ್ಧಕ್ಕೆ ಇಳಿಯಿತು. ನೀವು ಆ ಗುಂಪಿನವರಲ್ಲದಿದ್ದರೆ, ವರ್ಷಕ್ಕೆ 365 ಮಾತ್ರೆ ನುಂಗಿ ಪ್ರತಿ ನೆಗಡಿಯಲ್ಲಿ ಅರ್ಧ ದಿನ ಉಳಿಸುವುದು ನನ್ನ ಲೆಕ್ಕದಲ್ಲಿ ಲಾಭದ ಬಾಬತ್ತಲ್ಲ. ಇನ್ನೂ ಒಂದು ಮಾತು: ಆ ಸಮೀಕ್ಷೆಯಲ್ಲಿ ಪರಿಗಣಿಸಿದ ಕನಿಷ್ಠ ಪ್ರಮಾಣ ದಿನಕ್ಕೆ 200 ಮಿಲಿಗ್ರಾಂ. ಅದನ್ನು ತಟ್ಟೆಯಿಂದಲೇ ಮುಟ್ಟಬಹುದು.

ನಿಮ್ಮ ನೆಗಡಿಗೆ ಬೇರೆ ಕಾರಣವನ್ನೂ ಹುಡುಕಬೇಕು. ಆರೋಗ್ಯವಂತ ವಯಸ್ಕರಿಗೆ ವರ್ಷಕ್ಕೆ ಎರಡು ಮೂರು ಸಲ ನೆಗಡಿಯಾಗುವುದು ಸಾಮಾನ್ಯ. ಅದಕ್ಕಿಂತ ಹೆಚ್ಚೆಂದರೆ ಅದು ನೆಗಡಿಯೋ, ದೂಳಿನ ಅಲರ್ಜಿಯೋ ಎಂದು ನೋಡಬೇಕು. ಅಲರ್ಜಿಯಲ್ಲಿ ಜ್ವರ, ಗಂಟಲು ನೋವು ಅಷ್ಟಾಗಿ ಇರುವುದಿಲ್ಲ. ಸೀನು, ಮೂಗಿನ ನವೆ, ತಿಳಿನೀರು ಹೆಚ್ಚು. ಮನೆಯೊಳಗೆ ಸಿಗರೇಟಿನ ಹೊಗೆಯೂ ಇದ್ದರೆ ನಿಮ್ಮ ಮೂಗು, ಗಂಟಲಿನ ಒಳಪದರಕ್ಕೆ ಅದು ದಿನವೂ ಬೀಳುವ ಪೆಟ್ಟು. ಮಾತ್ರೆಯ ಡಬ್ಬಿಗಿಂತ ಮೊದಲು ಕೈಹಾಕಬೇಕಾದದ್ದು ಅಲ್ಲಿಗೆ.

ನಿಮ್ಮ ಪತಿಯವರಿಗೆ 90ರ ಮೇಲೆ ಇನ್ನೂ 35 ಸೇರಿಸಿ ದಿನಕ್ಕೆ 125 ಮಿಲಿಗ್ರಾಂ ಬೇಕು. ಹೊಗೆಯಲ್ಲಿರುವ, ಜೀವಕೋಶಗಳಿಗೆ ಹಾನಿ ಮಾಡುವ ಉತ್ಕರ್ಷಕಗಳನ್ನು ಎದುರಿಸುವುದರಲ್ಲಿಯೇ ಒಂದಷ್ಟು ವಿಟಮಿನ್ ಸಿ ವ್ಯಯವಾಗುವುದರಿಂದ ಧೂಮಪಾನಿಗಳ ರಕ್ತದಲ್ಲಿ ಅದರ ಮಟ್ಟ ಸದಾ ಕೆಳಗೆ. ಹೊಗೆ ಕುಡಿಯುವವರ ಪಕ್ಕದಲ್ಲಿ ಇರುವವರಿಗೂ ಮಟ್ಟ ಇಳಿಯುತ್ತದೆ. ಆ ಕಾರಣಕ್ಕೆ ನಿಮ್ಮ 75 ಒಂದು ದಿನವೂ ತಪ್ಪದಿರಲಿ. ಒಂದು ಎಚ್ಚರಿಕೆಯನ್ನಂತೂ ಹೇಳಲೇಬೇಕು: ಕಿತ್ತಳೆ ತಿಂದರೆ ಸಿಗರೇಟಿನ ಲೆಕ್ಕ ಚುಕ್ತಾ ಎಂದು ಅವರು ವಾದ ಹೂಡಿದರೆ ಒಪ್ಪಬೇಡಿ. ಅದು ಕೊರತೆಯನ್ನು ತುಂಬುತ್ತದೆ, ಶ್ವಾಸಕೋಶವನ್ನು ಕಾಯುವುದಿಲ್ಲ.

ಮಗನ ವಿಷಯದಲ್ಲಿ ನಾನು ಖಡಾಖಂಡಿತ: ನಿಮ್ಮ ಮಾತ್ರೆಯನ್ನು ಅವನಿಗೆ ಕೊಡಬೇಡಿ. ನಾಲ್ಕರಿಂದ ಎಂಟು ವರ್ಷದ ಮಕ್ಕಳಿಗೆ ಬೇಕಾದದ್ದು ದಿನಕ್ಕೆ 25 ಮಿಲಿಗ್ರಾಂ. ಮೀರಬಾರದ ಮಿತಿ 650. ಸಾವಿರದ ಮಾತ್ರೆ ಆ ಮಿತಿಯನ್ನು ಒಂದೇ ಗುಟುಕಿಗೆ ದಾಟಿಸುತ್ತದೆ. ಒಂಬತ್ತು ತುಂಬಿದ ಮೇಲೆ ಅವನ ಅಗತ್ಯ 45ಕ್ಕೆ ಏರುತ್ತದೆ, ಅದೂ ದೊಡ್ಡದೇನಲ್ಲ. ಹಣ್ಣು ಬೇಡವೆನ್ನುವ ಮಗುವಿಗೆ ವಿಟಮಿನ್ ಸಿ ಸಿಗುತ್ತಿಲ್ಲ ಎಂದು ತಾಯಂದಿರು ತೀರ್ಮಾನಿಸಿಬಿಡುತ್ತಾರೆ. ಅವನು ಆಲೂಗಡ್ಡೆ ತಿನ್ನುತ್ತಾನೆಯೇ? ಸಿಪ್ಪೆಸಮೇತ ಬೇಯಿಸಿದ ಆಲೂಗಡ್ಡೆಯಲ್ಲಿ ನೂರು ಗ್ರಾಂಗೆ ಸುಮಾರು 13 ಮಿಲಿಗ್ರಾಂ ಇದೆ. ಹಸಿ ಟೊಮೆಟೊದಲ್ಲಿಯೂ ಸುಮಾರು ಅಷ್ಟೇ. ಒಂದು ಆಲೂಗಡ್ಡೆ, ಒಂದು ಟೊಮೆಟೊ ಒಳಗೆ ಹೋದರೆ ಅವನ ಕೋಟಾ ಮುಗಿಯಿತು. ಹೂಕೋಸನ್ನೋ ಎಲೆಕೋಸನ್ನೋ ಒಪ್ಪಿದರೆ ಇನ್ನೂ ಒಳ್ಳೆಯದು.

ಭಯ ಪಡಬೇಕಾದ ಮಕ್ಕಳು ಬೇರೆ. ಎರಡು ಮೂರು ಬಗೆಯ ತಿನಿಸು ಬಿಟ್ಟು ಮತ್ತೇನನ್ನೂ ಬಾಯಿಗೆ ಹಾಕದ, ತರಕಾರಿ, ಆಲೂಗಡ್ಡೆ, ರಸ ಎಲ್ಲವನ್ನೂ ತಳ್ಳುವ ಮಕ್ಕಳು. ಆಟಿಸಂ ಇರುವ ಮಕ್ಕಳಲ್ಲಿ ಇದು ಹೆಚ್ಚು. ಅಂಥ ಮಗು ಕಾಲು ನೋವೆಂದು ಕುಂಟಿದರೆ, ನಡೆಯಲು ಒಲ್ಲೆನೆಂದರೆ, ವಸಡು ಊದಿದ್ದರೆ, ಸ್ಕರ್ವಿ ಇರಬಹುದೇ ಎಂದು ವೈದ್ಯರನ್ನು ಕೇಳಲು ಸಂಕೋಚ ಬೇಡ. ಈ ಕಾಲದಲ್ಲಿಯೂ ಅದು ಸಿಗುತ್ತದೆ. ಮೂಳೆ, ಕೀಲು, ರಕ್ತದ ದುಬಾರಿ ಪರೀಕ್ಷೆಗಳೆಲ್ಲ ಮುಗಿದ ಮೇಲೆ ಕೊನೆಗೆ ಊಟದ ಪ್ರಶ್ನೆ ಕೇಳಿ ರೋಗ ಪತ್ತೆಯಾದ ಪ್ರಕರಣಗಳು ವೈದ್ಯಕೀಯ ಪತ್ರಿಕೆಗಳಲ್ಲಿ ಮತ್ತೆ ಮತ್ತೆ ವರದಿಯಾಗಿವೆ. ಚಿಕಿತ್ಸೆ ಶುರುವಾದರೆ ಒಂದೆರಡು ದಿನಗಳಲ್ಲೇ ನೋವು ಇಳಿಯತೊಡಗುತ್ತದೆ.

ಇನ್ನು ಅಡುಗೆ. ಬೇಯಿಸಿದರೆ ಎಲ್ಲವೂ ಹೋಗುತ್ತದೆ ಎಂಬುದು ಅರ್ಧ ಸತ್ಯ. ಹಸಿ ಬ್ರೊಕೊಲಿಯ ನೂರು ಗ್ರಾಂನಲ್ಲಿ 89 ಮಿಲಿಗ್ರಾಂ ಇದ್ದರೆ, ಬೇಯಿಸಿ ನೀರು ಬಸಿದದ್ದರಲ್ಲಿ 65ರಷ್ಟು ಉಳಿದಿರುತ್ತದೆ. ಹೋಯಿತು, ಆದರೆ ಎಲ್ಲ ಹೋಗಲಿಲ್ಲ. ಈ ವಿಟಮಿನ್‌ಗೆ ಶತ್ರುಗಳು ಹಲವು: ಶಾಖ, ಗಾಳಿ, ಬೆಳಕು, ಕ್ಷಾರ, ತಾಮ್ರ. ಆದರೆ ಅಡುಗೆಮನೆಯಲ್ಲಿ ಎಲ್ಲಕ್ಕಿಂತ ದೊಡ್ಡ ಕಳ್ಳ ನೀರು. ವಿಟಮಿನ್ ಸಿ ನೀರಿನಲ್ಲಿ ಕರಗುತ್ತದೆ. ತರಕಾರಿಯನ್ನು ಸಣ್ಣಗೆ ಹೆಚ್ಚಿ, ನೀರಿನಲ್ಲಿ ನೆನೆಹಾಕಿ, ಬಹಳ ನೀರಿನಲ್ಲಿ ಕುದಿಸಿ, ಆ ನೀರನ್ನು ಚೆಲ್ಲಿದರೆ ಶಾಖಕ್ಕಿಂತ ಹೆಚ್ಚು ನಷ್ಟ ನೀವೇ ಮಾಡಿದಂತೆ. ಬೆಂದ ನೀರು ಸಾರಿನಲ್ಲೋ ಸೂಪಿನಲ್ಲೋ ಉಳಿದರೆ ಅದರಲ್ಲಿರುವುದೂ ನಿಮಗೇ ಸೇರುತ್ತದೆ. ಹಬೆಯಲ್ಲಿ ಬೇಯಿಸುವುದು, ಸ್ವಲ್ಪವೇ ನೀರಿನಲ್ಲಿ ಮುಚ್ಚಿ ಬೇಗ ಬೇಯಿಸುವುದು, ಮೈಕ್ರೊವೇವ್ ಬಳಸುವುದು ಎಲ್ಲವೂ ಒಳ್ಳೆಯ ದಾರಿಗಳೇ. ತೊಳೆಯುವುದು ಹೆಚ್ಚುವುದಕ್ಕೆ ಮುಂಚೆ, ಹೆಚ್ಚುವುದು ಬೇಯಿಸುವುದಕ್ಕೆ ತುಸು ಮುಂಚೆ. ಆಲೂಗಡ್ಡೆಯ ಸಿಪ್ಪೆಯನ್ನು ಬೆಂದ ಮೇಲೆ ಸುಲಿಯಿರಿ. ಹಸಿರು ಬಣ್ಣ ಉಳಿಯಲೆಂದು ಅಡುಗೆ ಸೋಡಾ ಹಾಕುವ ಅಭ್ಯಾಸವಿದ್ದರೆ ಬಿಟ್ಟುಬಿಡಿ. ಬಣ್ಣ ಉಳಿದರೂ ವಿಟಮಿನ್ ಉಳಿಯದು. ಬೆಂದದ್ದನ್ನು ಗಂಟೆಗಟ್ಟಲೆ ಬಿಸಿಯಾಗಿಟ್ಟು, ಮತ್ತೆ ಮತ್ತೆ ಕಾಯಿಸುವುದೂ ಅಷ್ಟೇ ಹಾನಿ.

ತಾಮ್ರದ ಮಾತು ಬಂದಿದ್ದರಿಂದ ಒಂದು ಹಳೆಯ ಕಥೆ. 1747ರಲ್ಲಿ ಜೇಮ್ಸ್ ಲಿಂಡ್ ಎಂಬ ನೌಕಾಪಡೆಯ ವೈದ್ಯ ಸ್ಯಾಲಿಸ್ಬರಿ ಎಂಬ ಹಡಗಿನಲ್ಲಿ ಸ್ಕರ್ವಿ ಹಿಡಿದ ಹನ್ನೆರಡು ನಾವಿಕರನ್ನು ಇಬ್ಬರಿಬ್ಬರಂತೆ ಆರು ಜೋಡಿ ಮಾಡಿ, ಒಂದೊಂದು ಜೋಡಿಗೆ ಒಂದೊಂದು ಮದ್ದು ಕೊಟ್ಟ. ಕಿತ್ತಳೆ ಮತ್ತು ನಿಂಬೆ ತಿಂದ ಇಬ್ಬರೇ ಬೇಗ ಎದ್ದು ನಿಂತದ್ದು. ಆದರೂ ಬ್ರಿಟನ್ನಿನ ನೌಕಾಪಡೆ ನಾವಿಕರಿಗೆ ನಿಂಬೆರಸವನ್ನು ಕಡ್ಡಾಯ ಮಾಡಿದ್ದು 1795ರಲ್ಲಿ. ಸ್ಕರ್ವಿ ಮಾಯವಾಯಿತು. ಆಮೇಲೆ ಹತ್ತೊಂಬತ್ತನೆಯ ಶತಮಾನದಲ್ಲಿ ದೊಡ್ಡ ನಿಂಬೆಯ ಬದಲು ವೆಸ್ಟ್ ಇಂಡೀಸಿನ ಹುಳಿನಿಂಬೆಯ ರಸ ಬಂತು. ಅದರಲ್ಲಿ ಮೊದಲೇ ವಿಟಮಿನ್ ಕಡಿಮೆ. ಸಾಲದ್ದಕ್ಕೆ ಗಾಳಿಗೊಡ್ಡಿ, ತಾಮ್ರದ ಕೊಳವೆಗಳಲ್ಲಿ ಹರಿಸಿ ತಯಾರಿಸುತ್ತಿದ್ದರು. 1875ರಲ್ಲಿ ಜಾರ್ಜ್ ನೇರ್ಸ್ ನಾಯಕತ್ವದಲ್ಲಿ ಉತ್ತರ ಧ್ರುವದತ್ತ ಹೊರಟ ತಂಡ ಇದೇ ರಸವನ್ನು ನಂಬಿಕೊಂಡಿತ್ತು. ತಂಡಕ್ಕೆ ಸ್ಕರ್ವಿ ಬಡಿಯಿತು. ಹುಳಿಯಿದ್ದರೆ ಸಾಕು, ಗುಣವೂ ಇರುತ್ತದೆ ಎಂಬ ನಂಬಿಕೆ ಅವರನ್ನು ಕೈಬಿಟ್ಟಿತ್ತು.

ಆ ನಂಬಿಕೆ ಇಂದಿಗೂ ಹೋಗಿಲ್ಲ. ಹುಳಿಗೂ ವಿಟಮಿನ್ ಸಿಗೂ ನೇರ ಸಂಬಂಧವಿಲ್ಲ. ವಿನೆಗರ್ ಹುಳಿಯೇ, ಅದರಲ್ಲಿ ಈ ವಿಟಮಿನ್ ಇಲ್ಲ. ಒಂದು ನಿಂಬೆಹಣ್ಣು ಹಿಂಡಿದರೆ ಸಿಗುವುದು 18 ಮಿಲಿಗ್ರಾಂ ಆಸುಪಾಸು, ಅಂದರೆ ನಿಮ್ಮ ದಿನದ ಅಗತ್ಯದ ಕಾಲು ಭಾಗ. ಹುಳಿಯೇ ಇಲ್ಲದ ಕೆಂಪು ದಪ್ಪ ಮೆಣಸಿನಕಾಯಿಯ ನೂರು ಗ್ರಾಂನಲ್ಲಿ 120ಕ್ಕೂ ಹೆಚ್ಚು ಇದೆ, ಹಸಿರಿನದರಲ್ಲಿ 80. ಈ ವಿಟಮಿನ್ನನ್ನು ಮೊದಲು ಬೇರ್ಪಡಿಸಿ 1937ರಲ್ಲಿ ನೊಬೆಲ್ ಪಡೆದ ಹಂಗೇರಿಯ ಆಲ್ಬರ್ಟ್ ಸೆಂಟ್ ಗ್ಯೋರ್ಗಿ ಅವರಿಗೆ ಕಿಲೋಗಟ್ಟಲೆ ವಿಟಮಿನ್ ಕೊಟ್ಟದ್ದೂ ನಿಂಬೆಯಲ್ಲ, ಅವರು ಕೆಲಸ ಮಾಡುತ್ತಿದ್ದ ಸೆಗೆಡ್ ಊರಿನ ಕೆಂಪು ಮೆಣಸಿನಕಾಯಿ. ಉಳಿದವುಗಳನ್ನು ನೂರು ಗ್ರಾಂ ಲೆಕ್ಕದಲ್ಲಿ ಸುಮಾರಾಗಿ ಹೇಳುವುದಾದರೆ, ಕಿವಿ ಹಣ್ಣು 90, ಪಪ್ಪಾಯಿ ಮತ್ತು ಸ್ಟ್ರಾಬೆರಿ 60, ಕಿತ್ತಳೆ 53, ಅನಾನಸ್ ಮತ್ತು ಹೂಕೋಸು 48, ಎಲೆಕೋಸು ಮತ್ತು ಮಾವು 36. ಬಾಳೆಹಣ್ಣು 9, ಸೇಬು 5ರ ಒಳಗೆ. ದಿನಕ್ಕೊಂದು ಸೇಬು ತಿಂದು ಸಮಾಧಾನಪಟ್ಟುಕೊಳ್ಳುವವರು ಈ ಕೊನೆಯ ಅಂಕಿಯನ್ನು ಇನ್ನೊಮ್ಮೆ ನೋಡಲಿ. ಒಣ ಧಾನ್ಯ, ಬೇಳೆ, ಮೊಟ್ಟೆ, ಮೀನುಗಳಲ್ಲಿ ಲೆಕ್ಕಕ್ಕೆ ಬರುವಷ್ಟು ಇಲ್ಲ. ಒಣ ಕಾಳನ್ನು ಮೊಳಕೆ ಬರಿಸಿದರೆ ಒಂದಷ್ಟು ಹುಟ್ಟಿಕೊಳ್ಳುತ್ತದೆ.

ಬಿಸಿನೀರಿಗೆ ನಿಂಬೆ ಹಿಂಡಿದರೆ ವಿಟಮಿನ್ ಸತ್ತುಹೋಗುತ್ತದೆ ಎಂಬ ಭಯವೂ ಬೇಡ. ಕುಡಿಯುವಷ್ಟು ಬೆಚ್ಚಗಿನ ನೀರಿನಲ್ಲಿ ಐದು ನಿಮಿಷಕ್ಕೆ ಏನೂ ಆಗುವುದಿಲ್ಲ. ಕುದಿಯುವ ಪಾತ್ರೆಗೆ ಹಿಂಡುವ ಬದಲು ಒಲೆಯಿಂದ ಇಳಿಸಿದ ಮೇಲೆ ಹಿಂಡಿದರೆ ಸಾಕು. ಮಾತ್ರೆಯ ವಿಟಮಿನ್ ಕೃತಕ, ಹಣ್ಣಿನದು ಸಹಜ ಎಂಬ ವಾದದಲ್ಲಿಯೂ ಹುರುಳಿಲ್ಲ. 1933ರಲ್ಲಿ ಟಡೇಯಸ್ ರೈಕ್‌ಸ್ಟೈನ್ ಎಂಬ ರಸಾಯನವಿಜ್ಞಾನಿ ಪ್ರಯೋಗಾಲಯದಲ್ಲಿ ತಯಾರಿಸಿದ್ದೂ ಕಿತ್ತಳೆಯೊಳಗೆ ಇರುವುದೂ ಒಂದೇ ಅಣು. ಎರಡನ್ನೂ ಕರುಳು ಒಂದೇ ರೀತಿ ಹೀರುತ್ತದೆ. ಹಣ್ಣಿನ ಮೇಲುಗೈ ಇರುವುದು ಅದರ ಜೊತೆ ಬರುವ ನಾರು, ಪೊಟ್ಯಾಸಿಯಂ, ಫೋಲೇಟುಗಳಲ್ಲಿ.

ಹಾಗಾಗಿ ನಾಳೆಯಿಂದಲೇ ಮಾತ್ರೆ ನಿಲ್ಲಿಸಬಹುದು. ನಿಮ್ಮ ದೇಹದಲ್ಲಿ ಈಗ ಒಂದೂವರೆ ಗ್ರಾಂನಷ್ಟು ವಿಟಮಿನ್ ಸಿ ಇದ್ದೀತು. ಅದು ಸ್ಕರ್ವಿಯ ಮಟ್ಟಕ್ಕೆ ಇಳಿಯಲು ಏನೂ ತಿನ್ನದಿದ್ದರೂ ಒಂದರಿಂದ ಮೂರು ತಿಂಗಳು ಬೇಕು. ಒಂದು ದಿನ ಹಣ್ಣು ತಪ್ಪಿತೆಂದು ಚಿಂತಿಸಬೇಕಾಗಿಲ್ಲ ಎಂಬುದಕ್ಕೂ ಇದೇ ಉತ್ತರ. ಮಾತ್ರೆ ನಿಜಕ್ಕೂ ಬೇಕಾಗುವವರು ಇದ್ದಾರೆ: ಡಯಾಲಿಸಿಸ್ ಮಾಡಿಸಿಕೊಳ್ಳುವವರು, ಕರುಳಿನ ಕಾಯಿಲೆಯಿಂದ ಹೀರಿಕೆ ಕೆಟ್ಟವರು, ಮದ್ಯದ ದಾಸರಾಗಿ ಊಟ ಬಿಟ್ಟವರು, ಒಬ್ಬರೇ ಇದ್ದು ಚಹಾ, ಬ್ರೆಡ್ಡಿನಲ್ಲಿ ದಿನ ನೂಕುವ ವೃದ್ಧರು. ಅವರಿಗೂ ಸಾಮಾನ್ಯವಾಗಿ ಬೇಕಾಗುವುದು ವೈದ್ಯರು ಹೇಳಿದ ಚಿಕ್ಕ ಪ್ರಮಾಣವೇ. ಚರ್ಮ ಹೊಳೆಯಲೆಂದು ಗ್ರಾಂಗಟ್ಟಲೆ ವಿಟಮಿನ್ ಸಿಯನ್ನು ರಕ್ತನಾಳಕ್ಕೆ ಚುಚ್ಚಿಸಿಕೊಳ್ಳುವ ಹೊಸ ಖಯಾಲಿಯಂತೂ ಅಪಾಯದ್ದು. ಕರುಳೆಂಬ ಕಾವಲನ್ನು ಅದು ದಾಟಿಬಿಡುತ್ತದೆ; ಜಿ6ಪಿಡಿ ಕಿಣ್ವದ ಕೊರತೆ ಇರುವವರಲ್ಲಿ ಕೆಂಪು ರಕ್ತಕಣಗಳು ಒಡೆಯಬಹುದು, ಮೂತ್ರಪಿಂಡ ಆಕ್ಸಲೇಟಿನಿಂದ ಕಟ್ಟಿಕೊಳ್ಳಬಹುದು.

ಕೊನೆಗೆ ಉಳಿಸಿಕೊಂಡದ್ದು ನಿಮ್ಮ ಅತ್ತೆಯವರನ್ನು, ಏಕೆಂದರೆ ಈ ಮನೆಯಲ್ಲಿ ನನಗೆ ಚಿಂತೆ ಇರುವುದು ಅವರದ್ದೇ. ಸೊಪ್ಪು, ಬೇಳೆಕಾಳುಗಳಲ್ಲಿರುವ ಕಬ್ಬಿಣ ಸುಲಭವಾಗಿ ಹೀರುವಂಥದ್ದಲ್ಲ. ಅದೇ ಊಟದಲ್ಲಿ ವಿಟಮಿನ್ ಸಿ ಇದ್ದರೆ ಹೀರಿಕೆ ಚೆನ್ನಾಗಿ ಹೆಚ್ಚುತ್ತದೆ. ಆದ್ದರಿಂದ ಸೊಪ್ಪಿನ ಊಟಕ್ಕೆ ನಿಂಬೆ ಹಿಂಡುವುದು, ಊಟದ ಜೊತೆಗೇ ಕೆಲವು ಹೋಳು ಪಪ್ಪಾಯಿ ತಿನ್ನುವುದು ಒಳ್ಳೆಯದು. ಪಪ್ಪಾಯಿ ಹಲ್ಲಿಲ್ಲದವರಿಗೂ ಆಗುತ್ತದೆ. ಊಟದ ಜೊತೆ ಚಹಾ, ಕಾಫಿ ಕುಡಿದರೆ ಅದೇ ಹೀರಿಕೆ ಕುಗ್ಗುತ್ತದೆ; ಒಂದೆರಡು ಗಂಟೆ ಅಂತರ ಇರಲಿ. ಆದರೆ ಅವರು ಕಬ್ಬಿಣವನ್ನು ಮಾತ್ರೆಯಲ್ಲೇ ತೆಗೆದುಕೊಳ್ಳುತ್ತಿದ್ದಾರೆ. 2020ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ ಕಬ್ಬಿಣದ ಮಾತ್ರೆ ಒಂದನ್ನೇ ತೆಗೆದುಕೊಂಡವರೂ ಜೊತೆಗೆ ವಿಟಮಿನ್ ಸಿ ಮಾತ್ರೆ ತೆಗೆದುಕೊಂಡವರೂ ಸರಿಸಮವಾಗಿಯೇ ಚೇತರಿಸಿಕೊಂಡರು. ಹಾಗಾಗಿ ಇನ್ನೊಂದು ಮಾತ್ರೆ ಸೇರಿಸುವ ಅಗತ್ಯ ಕಾಣುವುದಿಲ್ಲ.

ಸೇರಿಸದಿರಲು ಬೇರೆ ಕಾರಣಗಳೂ ಇವೆ. ಹೆಚ್ಚು ಪ್ರಮಾಣದ ವಿಟಮಿನ್ ಸಿ ಕೆಲವು ಬಗೆಯ ಗ್ಲುಕೋಮೀಟರುಗಳನ್ನೂ ಮೈಮೇಲೆ ಅಂಟಿಸುವ ಸಂವೇದಕಗಳನ್ನೂ ದಾರಿ ತಪ್ಪಿಸಿ, ಇಲ್ಲದ ಸಕ್ಕರೆಯನ್ನು ಇದೆಯೆಂದು ತೋರಿಸಬಹುದು. ಅದನ್ನು ನಂಬಿ ಇನ್ಸುಲಿನ್ ಹೆಚ್ಚಿಸಿದರೆ ಅಪಾಯ. ಅವರ ಉಪಕರಣದ ಕೈಪಿಡಿಯಲ್ಲಿ ಈ ಬಗ್ಗೆ ಎಚ್ಚರಿಕೆ ಇದೆಯೇ ನೋಡಿ. ಇನ್ನೊಂದು, ಎಪ್ಪತ್ತು ದಾಟಿದವರಲ್ಲಿ ರಕ್ತಹೀನತೆ ಕಂಡರೆ ಅದಕ್ಕೆ ಕಾರಣ ಊಟವೇ ಎಂದು ಭಾವಿಸಬಾರದು. ಹೊಟ್ಟೆ ಅಥವಾ ಕರುಳಿನಲ್ಲಿ ಎಲ್ಲೋ ಸಣ್ಣಗೆ ರಕ್ತ ಸೋರುತ್ತಿರಬಹುದು. ಅದನ್ನು ಹುಡುಕಲು ವೈದ್ಯರು ಮಲಪರೀಕ್ಷೆ ಬರೆದುಕೊಡುವುದುಂಟು. ಗ್ವಾಯಕ್ ಎಂಬ ರಾಸಾಯನಿಕ ಬಳಸುವ ಹಳೆಯ ವಿಧಾನದ ಪರೀಕ್ಷೆಯಾದರೆ, ದಿನಕ್ಕೆ 250 ಮಿಲಿಗ್ರಾಂ ಮೀರಿದ ವಿಟಮಿನ್ ಸಿ ಅದರ ಬಣ್ಣ ಬದಲಾಗುವುದನ್ನೇ ತಡೆಯುತ್ತದೆ. ರಕ್ತವಿದ್ದರೂ ಇಲ್ಲ ಎಂಬ ವರದಿ ಬರುತ್ತದೆ. ಅವರು ಈಗಾಗಲೇ ನಿಮ್ಮ ಡಬ್ಬಿಯಿಂದ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಪರೀಕ್ಷೆಗೆ ಕನಿಷ್ಠ ಮೂರು ದಿನ ಮುಂಚೆ ನಿಲ್ಲಿಸಿ. ಮೊದಲೇ ಪರೀಕ್ಷೆ ಮುಗಿದಿದ್ದರೆ, ಆ ದಿನಗಳಲ್ಲಿ ಅವರು ಮಾತ್ರೆ ತೆಗೆದುಕೊಂಡಿದ್ದರೇ ಎಂಬುದನ್ನು ವೈದ್ಯರಿಗೆ ತಿಳಿಸಿ. ಪರೀಕ್ಷೆಯನ್ನು ಮತ್ತೆ ಮಾಡಿಸಬೇಕೇ ಎಂದು ಅವರು ನಿರ್ಧರಿಸುತ್ತಾರೆ.